ಲಿನಕ್ಸ್‌ನಲ್ಲಿ ವೆಕ್ಟರ್ ಡ್ರಾಯಿಂಗ್: ಇಂಕ್‌ಸ್ಕೇಪ್ ಒಂದೇ ಸಾಕೇ, ಜೊತೆಗೆ ಬೇರೆಯೂ ಬೇಕೇ?

ಗೆರೆಬಿಂದು (ಪ್ರಶ್ನೆ)

ಕಂಪ್ಯೂಟರನ್ನು ಪೂರ್ತಿ ಲಿನಕ್ಸ್‌ಗೆ ಬದಲಾಯಿಸಿ ಆಯಿತು. ಉಬುಂಟು 22.04, 8 ಜಿಬಿ ರ‍್ಯಾಮ್. ತೀರ್ಮಾನ ಆಗದೆ ಉಳಿದಿರುವುದು ವೆಕ್ಟರ್ (ಚುಕ್ಕಿಗಳ ಬದಲು ಗೆರೆ, ಆಕಾರಗಳಾಗಿ ಉಳಿಯುವ ಚಿತ್ರ) ಡ್ರಾಯಿಂಗ್ ಸಾಫ್ಟ್‌ವೇರ್ ಒಂದೇ. ಮಾಡಬೇಕಾದ ಕೆಲಸ ನಾಲ್ಕು ಥರದ್ದು. ವೆಬ್‌ಸೈಟಿಗೆ ಲೋಗೋ ಮತ್ತು ಐಕಾನ್. ಆಫ್‌ಸೆಟ್ ಪ್ರಿಂಟಿಗೆ ಹೋಗುವ ಎರಡು-ನಾಲ್ಕು ಪುಟಗಳ ಎ5 ಕರಪತ್ರ, ಅದರಲ್ಲಿ ಕನ್ನಡದ ಬರಹವೇ ಜಾಸ್ತಿ. ಬಾಕ್ಸು-ಬಾಣಗಳ ಫ್ಲೋಚಾರ್ಟ್. ಆಗೊಮ್ಮೆ ಈಗೊಮ್ಮೆ ಲೇಸರ್ ಕಟಿಂಗ್‌ಗೆ ಅಕ್ಷರಗಳು. ಇವುಗಳ ಮೇಲೆ ಹಳೆಯ ಸಿಡಿಆರ್ (ಕೋರೆಲ್‌ಡ್ರಾ), ಎಐ (ಅಡೋಬಿ ಇಲ್ಲಸ್ಟ್ರೇಟರ್) ಫೈಲುಗಳ ಒಂದು ರಾಶಿಯೇ ಇದೆ, ಅವನ್ನು ತೆರೆದು ತಿದ್ದಬೇಕಾಗುತ್ತದೆ.

ಎಲ್ಲಿ ಕೇಳಿದರೂ "ಇಂಕ್‌ಸ್ಕೇಪ್ ಹಾಕಿಕೊಳ್ಳಿ" ಅನ್ನುತ್ತಾರೆ, ಅಲ್ಲಿಗೇ ಮಾತು ಮುಗಿಸುತ್ತಾರೆ. ಅದರಲ್ಲಿ ಸಿಎಂವೈಕೆ (ಪ್ರಿಂಟಿನ ನಾಲ್ಕು ಶಾಯಿಗಳ ಬಣ್ಣದ ಲೆಕ್ಕ) ಬರುವುದಿಲ್ಲ ಅನ್ನುವುದು ನಿಜವೇ? ಹಾಕುವುದಾದರೆ ಉಬುಂಟುವಿನದೇ ಭಂಡಾರವಾದ ರೆಪೊಸಿಟರಿಯದ್ದೋ, ಇಲ್ಲ ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆಪ್‌ಇಮೇಜ್ ಎಂಬ ಬೇರೆ ಪ್ಯಾಕೇಜ್ ರೂಪಗಳಲ್ಲೊಂದೋ?

ವಕ್ರರೇಖೆ

ಸಾಫ್ಟ್‌ವೇರ್‌ಗಳ ಪಟ್ಟಿ ಹಿಡಿದು ಹೋಲಿಸುತ್ತಾ ಕೂತರೆ ಮುಗಿಯುವುದಿಲ್ಲ. ಫೈಲು ಕೊನೆಗೆ ಯಾರ ಕೈಗೆ ಹೋಗುತ್ತದೆ, ಬ್ರೌಸರಿಗೋ, ಪ್ಲೇಟ್ ಮಾಡುವವರಿಗೋ, ಯಂತ್ರಕ್ಕೋ ಎಂದು ಮೊದಲು ನೋಡಿ. ನಿಮ್ಮ ಪಟ್ಟಿಗೆ ನನ್ನ ಉತ್ತರ: ಗೆರೆ ಎಳೆಯುವ ಕೆಲಸವೆಲ್ಲ ಇಂಕ್‌ಸ್ಕೇಪ್‌ನಲ್ಲಿ, ಪ್ರಿಂಟಿನ ಕೊನೆಯ ಹಂತ ಪುಟ ಜೋಡಿಸುವ ಸಾಫ್ಟ್‌ವೇರ್ ಸ್ಕ್ರೈಬಸ್‌ನಲ್ಲಿ, ಫ್ಲೋಚಾರ್ಟ್ ಲಿಬ್ರೆಆಫೀಸ್ ಡ್ರಾದಲ್ಲಿ. ಮೂರೂ ಉಚಿತ, ಒಂದರ ಕೆಲಸವನ್ನು ಇನ್ನೊಂದರ ಮೇಲೆ ಹೇರದಿದ್ದರೆ ಮೂರೂ ಚೆನ್ನಾಗಿವೆ.

ಆವೃತ್ತಿಯ ವಿಚಾರ ಮುಖ್ಯ. 22.04ರ ರೆಪೊಸಿಟರಿಯಲ್ಲಿ ಸಿಗುವುದು ಇಂಕ್‌ಸ್ಕೇಪ್ 1.1.2. ಒಂದೇ ಫೈಲಿನಲ್ಲಿ ಹಲವು ಪುಟ ಇಡುವ ಸೌಲಭ್ಯ ಬಂದದ್ದು 1.2ರಲ್ಲಿ (2022), ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಎಳೆದು ಸೇರಿಸುವ ಶೇಪ್ ಬಿಲ್ಡರ್ ಬಂದದ್ದು 1.3ರಲ್ಲಿ (2023). 1.4 ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಹಾಗಾಗಿ ರೆಪೊಸಿಟರಿಯದ್ದನ್ನು ಹಾಕಿಕೊಂಡರೆ ಟ್ಯುಟೋರಿಯಲ್‌ನಲ್ಲಿ ತೋರಿಸುವ ಅರ್ಧ ಟೂಲು ನಿಮಗೆ ಕಾಣುವುದೇ ಇಲ್ಲ, "ನನ್ನದರಲ್ಲಿ ಇದೇಕೆ ಇಲ್ಲ" ಎಂದು ಹುಡುಕುತ್ತಾ ಕೂರುತ್ತೀರಿ.

ಆಪ್‌ಇಮೇಜ್ ಒಂದೇ ಫೈಲು: ಇಳಿಸಿ, ಪ್ರಾಪರ್ಟೀಸ್‌ನಲ್ಲಿ ಎಕ್ಸಿಕ್ಯೂಟ್ ಅನುಮತಿ ಕೊಟ್ಟು ಕ್ಲಿಕ್ ಮಾಡಿದರೆ ಸರಿ. ಆದರೆ 22.04ರಲ್ಲಿ ಏನೂ ಆಗದೆ ಸುಮ್ಮನೆ ಇದ್ದರೆ ಲಿಬ್‌ಫ್ಯೂಸ್2 ಪ್ಯಾಕೇಜ್ ಇಲ್ಲ ಎಂದರ್ಥ. ಆ ಆವೃತ್ತಿಯಿಂದ ಅದು ತಾನಾಗಿ ಇನ್‌ಸ್ಟಾಲ್ ಆಗಿರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಸ್ನ್ಯಾಪ್ ಹೋಮ್ ಫೋಲ್ಡರ್ ಬಿಟ್ಟು ಹೊರಗೆ ಕಣ್ಣು ಹಾಯಿಸುವುದಿಲ್ಲ. ಪೆನ್‌ಡ್ರೈವ್‌ನ ಫೈಲು ತೆರೆಯಬೇಕಾದರೆ ರಿಮೂವಬಲ್-ಮೀಡಿಯಾ ಇಂಟರ್‌ಫೇಸನ್ನು ಕೈಯಾರೆ ಕನೆಕ್ಟ್ ಮಾಡಬೇಕು. ಫ್ಲಾಟ್‌ಪ್ಯಾಕ್‌ಗೂ ಅದರದೇ ಗೋಡೆ ಇದೆ: ನೀವು ಸಿಸ್ಟಮ್‌ನಲ್ಲಿ ಹಾಕಿರುವ ಲೇಟೆಕ್, ಪೈಥಾನ್ ಮಾಡ್ಯೂಲುಗಳನ್ನು ನೆಚ್ಚಿಕೊಂಡ ಎಕ್ಸ್‌ಟೆನ್ಷನ್‌ಗಳು (ಜೊತೆಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಮ್‌ಗಳು) ಅದರೊಳಗೆ ಓಡುವುದಿಲ್ಲ. ಎಕ್ಸ್‌ಟೆನ್ಷನ್ ಹೆಚ್ಚು ಬಳಸುವವರಿಗೆ ಆಪ್‌ಇಮೇಜ್, ಉಳಿದವರಿಗೆ ಫ್ಲಾಟ್‌ಪ್ಯಾಕ್. ಸ್ನ್ಯಾಪ್ ನನ್ನ ಪಟ್ಟಿಯಲ್ಲಿ ಕೊನೆಗೆ.

ಹಾಕಿದ ಕೂಡಲೇ ಸರಿಪಡಿಸಬೇಕಾದ ಎರಡು ಸಂಗತಿ. ಒಂದು, ಬೌಂಡಿಂಗ್ ಬಾಕ್ಸ್, ಅಂದರೆ ಆಕಾರದ ಸುತ್ತಲಿನ ಅಳತೆಯ ಚೌಕಟ್ಟು. 50 ಮಿ.ಮೀ. ಚೌಕಕ್ಕೆ 1 ಮಿ.ಮೀ. ದಪ್ಪದ ಅಂಚು ಕೊಟ್ಟರೆ ಮೇಲಿನ ಪಟ್ಟಿಯಲ್ಲಿ ಅಗಲ 51 ಎಂದು ತೋರಿಸುತ್ತದೆ, ಏಕೆಂದರೆ ಅಂಚಿನ ಅರ್ಧ ದಪ್ಪ ಎರಡೂ ಕಡೆ ಹೊರಗಿರುತ್ತದೆ. ಎಡಿಟ್, ಪ್ರಿಫರೆನ್ಸಸ್, ಟೂಲ್ಸ್‌ಗೆ ಹೋಗಿ ವಿಶುವಲ್ ಬದಲು ಜಿಯೊಮೆಟ್ರಿಕ್ ಆರಿಸಿ, ಅಳತೆ ಸರಿಯಾಗುತ್ತದೆ. ಎರಡು, ಸೆಲೆಕ್ಟ್ ಟೂಲ್ ಹಿಡಿದಾಗ ಮೇಲೆ ಬಲಗಡೆ ಕಾಣುವ ಪುಟ್ಟ ಬಟನ್‌ಗಳು. ಮೊದಲನೆಯದು ಒತ್ತಿದ್ದರೆ ಆಕಾರ ದೊಡ್ಡದು ಮಾಡಿದಾಗ ಅಂಚೂ ದಪ್ಪ ಆಗುತ್ತದೆ. ಐಕಾನ್ ಕೆಲಸಕ್ಕೆ ಅದು ಆಫ್ ಇರಲಿ, ಲೋಗೋ ಹಿಗ್ಗಿಸುವಾಗ ಆನ್ ಇರಲಿ. ಲೋಗೋ ಚಿಕ್ಕದು ಮಾಡಿದಾಗ ಗೆರೆ ಮಾತ್ರ ಹಗ್ಗದಂತೆ ಉಳಿದರೆ ಕಾರಣ ಇದೇ.

ಮಸಿಬಾಟಲು

ಪ್ರಿಂಟಿನ ಭಾಗ ನಾನು ಬರೆಯುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ.

ಸಿಎಂವೈಕೆ ಮಾತು ನಿಜ. ಇಂಕ್‌ಸ್ಕೇಪ್‌ನ ಮೂಲ ಫೈಲು ಎಸ್‌ವಿಜಿ, ಎಸ್‌ವಿಜಿಯ ಬಣ್ಣ ಎಸ್‌ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ (ಆರ್‌ಜಿಬಿ) ಲೆಕ್ಕ. ಬಣ್ಣದ ಡೈಲಾಗ್‌ನಲ್ಲಿ ಸಿಎಂವೈಕೆ ಎಂಬ ಟ್ಯಾಬ್ ಕಂಡು ಮೋಸ ಹೋಗಬೇಡಿ, ಅಲ್ಲಿ ಹಾಕಿದ ಅಂಕೆಗಳು ಆರ್‌ಜಿಬಿ ಆಗಿಯೇ ಸೇವ್ ಆಗುತ್ತವೆ. ಪಿಡಿಎಫ್ ಕೂಡ ಆರ್‌ಜಿಬಿಯಲ್ಲೇ ಹೊರಬರುತ್ತದೆ. ಫೋಟೋದ ಮಟ್ಟಿಗೆ ಇದು ಅಂಥ ತೊಂದರೆಯಲ್ಲ. ತೊಂದರೆ ಬರುವುದು ಕಪ್ಪು ಅಕ್ಷರಕ್ಕೆ. ಆರ್‌ಜಿಬಿ ಕಪ್ಪನ್ನು ಪರಿವರ್ತಿಸಿದಾಗ ಅದು ನಾಲ್ಕೂ ಶಾಯಿಗಳ ಮಿಶ್ರಣ ಆಗುತ್ತದೆ. 9 ಪಾಯಿಂಟ್‌ನ ಒತ್ತಕ್ಷರದ ಮೇಲೆ ನಾಲ್ಕು ಪ್ಲೇಟು ಒಂದೇ ಜಾಗದಲ್ಲಿ ಕೂರಬೇಕು. ಒಂದು ಕೂದಲೆಳೆ ಸರಿದರೂ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು ಕಾಣುತ್ತದೆ, ಒತ್ತಿನ ಸಣ್ಣ ಸುರುಳಿಗಳು ತುಂಬಿಹೋಗುತ್ತವೆ.

ಆದ್ದರಿಂದ ಚಿತ್ರ ಮಾತ್ರ ಇಂಕ್‌ಸ್ಕೇಪ್‌ನಲ್ಲಿ ಬರೆಯಿರಿ. ಬರಹವನ್ನು ಸ್ಕ್ರೈಬಸ್‌ನಲ್ಲೇ ಕೂರಿಸಿ. ಅಲ್ಲಿ ಹೊಸ ಡಾಕ್ಯುಮೆಂಟ್ ಎ5, ಅಂದರೆ 148×210 ಮಿ.ಮೀ., ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ನಾಲ್ಕೂ ಕಡೆ 3 ಮಿ.ಮೀ. ಚಿತ್ರವನ್ನು ಫೈಲ್, ಇಂಪೋರ್ಟ್, ಗೆಟ್ ವೆಕ್ಟರ್ ಫೈಲ್ ಮೂಲಕ ತನ್ನಿ. ಒಳಗೆ ಬಂದ ಬಣ್ಣಗಳೆಲ್ಲ ಆರ್‌ಜಿಬಿ ಎಂದೇ ಪಟ್ಟಿಯಲ್ಲಿ ಸೇರುತ್ತವೆ. ಎಡಿಟ್, ಕಲರ್ಸ್ ತೆರೆದು ಒಂದೊಂದರ ಮಾಡೆಲ್ ಸಿಎಂವೈಕೆಗೆ ಬದಲಾಯಿಸಿ ಅಂಕೆ ಕೊಡಿ. ಕಪ್ಪು ಅಕ್ಷರಕ್ಕೆ ಸಿ, ಎಂ, ವೈ ಮೂರೂ ಸೊನ್ನೆ, ಕೆ 100. ಹತ್ತು ಬಣ್ಣದ ಲೋಗೋ ಆದರೆ ಐದು ನಿಮಿಷದ ಕೆಲಸ, ಗ್ರೇಡಿಯೆಂಟ್ ತುಂಬಿದ ಚಿತ್ರವಾದರೆ ಬೇಸರ ಬರುತ್ತದೆ. ಹಾಗಾಗಿ ಇಂಕ್‌ಸ್ಕೇಪ್‌ನಲ್ಲಿ ಬರೆಯುವಾಗಲೇ ಬಣ್ಣ ಮಿತವಾಗಿರಲಿ.

ಕೊನೆಯಲ್ಲಿ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ಪ್ರೆಸ್‌ಗೆ ಕೊಡುವ ಪಿಡಿಎಫ್‌ನ ಮಾನದಂಡಗಳಾದ ಪಿಡಿಎಫ್/ಎಕ್ಸ್-3 ಅಥವಾ ಎಕ್ಸ್-4 ಆರಿಸಲು ಹೋದರೆ ಆ ಆಯ್ಕೆಗಳು ಮಂಕಾಗಿ, ಒತ್ತಲು ಬರದಂತೆ ಇರಬಹುದು. ಸಾಫ್ಟ್‌ವೇರ್ ಕೆಟ್ಟಿಲ್ಲ. ಡಾಕ್ಯುಮೆಂಟ್ ಸೆಟಪ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ ಪ್ರಿಂಟರ್ ಪ್ರೊಫೈಲ್ (ಮುದ್ರಣದ ಬಣ್ಣಗಳ ವಿವರ ಇರುವ ಫೈಲು) ಒಂದನ್ನು ಕೊಡುವವರೆಗೆ ಅವು ತೆರೆಯುವುದಿಲ್ಲ. ಯಾವ ಪ್ರೊಫೈಲ್ ಎಂಬುದನ್ನು ಪ್ರೆಸ್‌ನವರನ್ನೇ ಕೇಳಿ. ಎಕ್ಸ್-3ರಲ್ಲಿ ಟ್ರಾನ್ಸ್‌ಪರೆನ್ಸಿ ಇರುವಂತಿಲ್ಲ, ಎಕ್ಸ್-4ರಲ್ಲಿ ಇರಬಹುದು.

ಇಂಕ್‌ಸ್ಕೇಪ್‌ನ ಬ್ಲರ್, ನೆರಳು ಮುಂತಾದ ಫಿಲ್ಟರ್‌ಗಳನ್ನು ಸ್ಕ್ರೈಬಸ್ ಕೈಬಿಡುತ್ತದೆ. ನೆರಳಿದ್ದ ಜಾಗದಲ್ಲಿ ಗಟ್ಟಿ ಕಪ್ಪು ಆಕಾರ ಕಂಡರೆ ಗಾಬರಿ ಬೇಡ. ಆ ಭಾಗವನ್ನಷ್ಟೇ 300 ಡಿಪಿಐ ಪಿಎನ್‌ಜಿ ಮಾಡಿ ಇಮೇಜ್ ಫ್ರೇಮಿನಲ್ಲಿ ಇಡಿ. ಇಡೀ ಪುಟದ ಹಿನ್ನೆಲೆ ಆದರೆ ಬ್ಲೀಡ್ ಸೇರಿ 154×216 ಮಿ.ಮೀ., ಅಂದರೆ ಸುಮಾರು 1819×2551 ಪಿಕ್ಸೆಲ್.

ಕನ್ನಡಕ್ಕೆ ಒಂದೇ ಎಚ್ಚರಿಕೆ: ಸ್ಕ್ರೈಬಸ್ 1.4 ಸರಣಿ ಬೇಡ. ಅದರಲ್ಲಿ ಒತ್ತಕ್ಷರ ಕೂಡುವುದಿಲ್ಲ, ಕ್ಷ ಬರೆದರೆ ಕ, ಹಲಂತ ಚಿಹ್ನೆ, ಷ ಬೇರೆ ಬೇರೆ ನಿಲ್ಲುತ್ತವೆ. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಬಂದದ್ದು 1.5.3ರಲ್ಲಿ. ಈಗ 1.6 ಸರಣಿ ಇದೆ, ಅದನ್ನೇ ಹಾಕಿಕೊಳ್ಳಿ. ಇಂಕ್‌ಸ್ಕೇಪ್ ಬರಹಕ್ಕೆ ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವುದರಿಂದ ಅಲ್ಲಿ ಈ ತೊಂದರೆ ಇಲ್ಲ, ಫಾಂಟ್ ಯೂನಿಕೋಡ್‌ದ್ದಾಗಿದ್ದರೆ ಸಾಕು.

ಕಡತಸಂಚಿ

ಹಳೆಯ ಫೈಲುಗಳ ಬಗ್ಗೆ.

ಎಐ ಎಂದರೆ ಈಚಿನ ಇಪ್ಪತ್ತೈದು ವರ್ಷಗಳ ಫೈಲುಗಳಲ್ಲಿ ಹೆಚ್ಚಿನವುಗಳ ಹೊಟ್ಟೆಯೊಳಗೆ ಒಂದು ಪಿಡಿಎಫ್ ಇರುತ್ತದೆ. ಇಂಕ್‌ಸ್ಕೇಪ್ ಓದುವುದು ಅದನ್ನೇ. ಪರೀಕ್ಷೆ ಸುಲಭ: ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯ ಎಐ ತೆಗೆದು ಪಿಡಿಎಫ್ ಎಂದು ಹಾಕಿ, ಮಾಮೂಲಿ ಡಾಕ್ಯುಮೆಂಟ್ ವ್ಯೂವರ್‌ನಲ್ಲಿ ತೆರೆಯಿರಿ. ಚಿತ್ರ ಕಂಡರೆ ಇಂಕ್‌ಸ್ಕೇಪ್‌ಗೂ ಕಾಣುತ್ತದೆ. ಪಿಡಿಎಫ್ ಭಾಗ ಇಲ್ಲದೆ ಸೇವ್ ಮಾಡಲಾಗಿದೆ ಎಂಬ ಒಂದು ಇಂಗ್ಲಿಷ್ ಸೂಚನೆಯಷ್ಟೇ ಬಂದರೆ, ಸೇವ್ ಮಾಡುವಾಗ ಯಾರೋ ಪಿಡಿಎಫ್ ಹೊಂದಾಣಿಕೆಯ ಗುರುತು ತೆಗೆದಿದ್ದಾರೆ. ಆ ಫೈಲನ್ನು ಮೂಲ ಸಾಫ್ಟ್‌ವೇರ್‌ನಲ್ಲೇ ಮತ್ತೆ ಸೇವ್ ಮಾಡಿಸಬೇಕು, ಬೇರೆ ದಾರಿಗೆ ಸಮಯ ಹಾಳು ಮಾಡಬೇಡಿ.

ತೆರೆಯುವಾಗ ಬರುವ ಡೈಲಾಗ್‌ನಲ್ಲಿ ಎರಡು ದಾರಿ ಇರುತ್ತದೆ. ಪಾಪ್ಲರ್/ಕೈರೊ ಆರಿಸಿದರೆ ಅಕ್ಷರಗಳೆಲ್ಲ ಗೆರೆಗಳಾಗಿ ಬರುತ್ತವೆ, ನೋಟ ಕೆಡುವುದಿಲ್ಲ, ಆದರೆ ಟೈಪ್ ಮಾಡಿ ತಿದ್ದಲು ಆಗದು. ಇಂಟರ್ನಲ್ ಆರಿಸಿದರೆ ಬರಹ ಬರಹವಾಗಿಯೇ ಬರುತ್ತದೆ, ಆದರೆ ಸಾಲುಗಳು ತುಂಡುತುಂಡಾಗಿ, ಪ್ರತಿ ಅಕ್ಷರಕ್ಕೂ ಜಾಗ ಗೊತ್ತುಮಾಡಿದಂತೆ ಇರುತ್ತವೆ. ಕನ್ನಡ ಇದ್ದಲ್ಲಿ ಮೊದಲನೆಯದನ್ನೇ ಆರಿಸಿ, ಬರಹವನ್ನು ಹೊಸದಾಗಿ ಟೈಪ್ ಮಾಡಿ. ತುಂಡು ಜೋಡಿಸುವುದಕ್ಕಿಂತ ಅದು ಬೇಗ.

ಸಿಡಿಆರ್ ಓದಲು ಇಂಕ್‌ಸ್ಕೇಪೂ ಲಿಬ್ರೆಆಫೀಸ್ ಡ್ರಾವೂ ಬಳಸುವುದು ಒಂದೇ ಲೈಬ್ರರಿ, ಲಿಬ್‌ಸಿಡಿಆರ್. ಒಂದರಲ್ಲಿ ತೆರೆಯದ್ದು ಇನ್ನೊಂದರಲ್ಲಿ ತೆರೆದೀತು ಎಂಬ ಆಸೆ ಅಷ್ಟಕ್ಕಷ್ಟೇ. ಸರಳ ಆಕಾರ, ಗಟ್ಟಿ ಬಣ್ಣ ಚೆನ್ನಾಗಿ ಬರುತ್ತವೆ. ಲೆನ್ಸ್, ಮೆಶ್ ಫಿಲ್, ಬ್ಲೆಂಡ್ ಇದ್ದರೆ ನೆಚ್ಚಬೇಡಿ. ಮೂಲ ಸಾಫ್ಟ್‌ವೇರ್ ಇರುವ ಕಂಪ್ಯೂಟರ್ ಇನ್ನೂ ಕೈಗೆ ಸಿಗುವಂತಿದ್ದರೆ, ರಾಶಿಯನ್ನೆಲ್ಲ ಒಮ್ಮೆ ಕೂತು ಪಿಡಿಎಫ್ ಮಾಡಿಟ್ಟುಕೊಳ್ಳಿ: ಅಕ್ಷರ ಕರ್ವ್ ಆಗಿರುವುದು ಒಂದು ಪ್ರತಿ, ಅಕ್ಷರ ಅಕ್ಷರವಾಗಿಯೇ ಇರುವುದು ಒಂದು ಪ್ರತಿ. ಇಪಿಎಸ್ ಬೇಡ, ಅದಕ್ಕೆ ಟ್ರಾನ್ಸ್‌ಪರೆನ್ಸಿ ಗೊತ್ತಿಲ್ಲ.

ಇನ್ನು ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ. ಫೈಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರ ಕಾಣುತ್ತದೆ. ಅದೇ ಫಾಂಟನ್ನು ಹೋಮ್ ಫೋಲ್ಡರಿನ ಡಾಟ್‌ಲೋಕಲ್, ಶೇರ್, ಫಾಂಟ್ಸ್ ಒಳಗೆ ಹಾಕಿ ಇಂಕ್‌ಸ್ಕೇಪ್ ಮುಚ್ಚಿ ತೆರೆದರೆ ಓದಲು ಬರುತ್ತದೆ. ತಿದ್ದಬೇಕಿದ್ದರೆ ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡಿ, ಆಮೇಲೆ ಫಾಂಟ್ ಬದಲಿಸಿ. ಮೊದಲೇ ಫಾಂಟ್ ಬದಲಿಸಿದರೆ ಯಾವ ಸಾಲು ಯಾವುದೆಂದೇ ತಿಳಿಯುವುದಿಲ್ಲ.

ಟರ್ಮಿನಲ್‌ವಾಸಿ

ಫ್ಲೋಚಾರ್ಟ್ ಬಗ್ಗೆ ಮೇಲಿನವರು ಒಂದೇ ಮಾತಲ್ಲಿ ಮುಗಿಸಿದ್ದಾರೆ, ಕಾರಣ ಹೇಳುತ್ತೇನೆ. ಡ್ರಾದಲ್ಲಿ ಬಾಕ್ಸಿನ ನಾಲ್ಕು ಬದಿಗೂ ಗ್ಲೂ ಪಾಯಿಂಟ್ ಇರುತ್ತದೆ, ಬಾಣ ಅದಕ್ಕೆ ಅಂಟಿಕೊಳ್ಳುತ್ತದೆ. ಬಾಕ್ಸು ಸರಿಸಿದರೆ ಬಾಣ ಹಿಂದೆಯೇ ಬರುತ್ತದೆ. ಬೇಕಾದಲ್ಲಿ ಹೊಸ ಪಾಯಿಂಟೂ ಹಾಕಬಹುದು. ಇಂಕ್‌ಸ್ಕೇಪ್‌ನಲ್ಲೂ ಕನೆಕ್ಟರ್ ಟೂಲ್ ಇದೆ, ಆದರೆ ಗೆರೆ ಯಾವ ಬದಿಯಿಂದ ಹೊರಡಬೇಕು ಎಂದು ನೀವು ಹೇಳಲಾಗುವುದಿಲ್ಲ, ಅದು ಆಕಾರದ ನಡುಮಧ್ಯಕ್ಕೆ ಗುರಿಯಿಟ್ಟು ಹೋಗುತ್ತದೆ. ಹತ್ತು ಬಾಕ್ಸು ದಾಟಿದರೆ ಜೇಡರ ಬಲೆ. ಚಾರ್ಟು ವಾರಕ್ಕೊಮ್ಮೆ ಬದಲಾಗುವಂಥದ್ದಾದರೆ ಕೈಯಲ್ಲಿ ಬರೆಯುವುದೇ ಬೇಡ, ಗ್ರಾಫ್‌ವಿಜ್‌ಗೆ ಪಠ್ಯದಲ್ಲಿ ಬರೆದು ಕೊಡಿ, ಎಸ್‌ವಿಜಿ ಅದೇ ಮಾಡಿಕೊಡುತ್ತದೆ.

ಬೇರೆ ಆಯ್ಕೆಗಳಲ್ಲಿ ಎಸ್‌ಕೆ1ಗೆ ನಿಜವಾದ ಸಿಎಂವೈಕೆ ಇದೆ, ಆದರೆ ಅದು ಬರೆದಿರುವುದು ಪೈಥಾನ್ 2ರಲ್ಲಿ, 2020ರಲ್ಲಿ ಬೆಂಬಲ ನಿಂತುಹೋದ ಭಾಷೆ. ಹೊಸ ವಿತರಣೆಗಳಲ್ಲಿ ಹಾಕುವುದೇ ಒಂದು ಹೋರಾಟ. ಕ್ರಿಟಾದಲ್ಲಿ ವೆಕ್ಟರ್ ಲೇಯರ್ ಇದೆ, ಪೇಂಟಿಂಗ್ ಮೇಲೆ ಮಾತಿನ ಗುಳ್ಳೆ ಹಾಕಲು ಸಾಕು, ಲೋಗೋಗೆ ಅಲ್ಲ. ಪೆನ್‌ಪಾಟ್ ಆ್ಯಪ್ ಪರದೆಗಳ ವಿನ್ಯಾಸಕ್ಕೆ ಒಳ್ಳೆಯದು, ಪ್ರಿಂಟಿನ ಗಾಳಿ ಅದಕ್ಕೆ ಸೋಕಿಲ್ಲ. ವೈನ್ (ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ವ್ಯವಸ್ಥೆ) ಒಳಗೆ ಬೇರೆ ಸಾಫ್ಟ್‌ವೇರ್ ಓಡಿಸುವ ಯೋಚನೆ ಇದ್ದರೆ, ಗಡುವು ಇಲ್ಲದ ಕೆಲಸಕ್ಕೆ ಮಾತ್ರ.

ವಿಷಯಕ್ಕೆ ಸ್ವಲ್ಪ ಹೊರಗಿನ ಮಾತು: ಕೋರೆಲ್‌ಡ್ರಾ 9 ಲಿನಕ್ಸ್‌ಗೆ 2000ದಲ್ಲಿ ಬಂದಿತ್ತು, ವೈನ್ ಆಧಾರದ ಮೇಲೆ. ಮುಂದುವರಿಯಲಿಲ್ಲ. 2006ರಲ್ಲಿ ಕ್ಸಾರಾ ಎಂಬ ಕಂಪನಿ ತನ್ನ ಡ್ರಾಯಿಂಗ್ ಸಾಫ್ಟ್‌ವೇರ್‌ನ ಸೋರ್ಸನ್ನು ತೆರೆದಿಟ್ಟಿತು, ಆದರೆ ಚಿತ್ರ ಮೂಡಿಸುವ ಎಂಜಿನ್ ಮಾತ್ರ ಮುಚ್ಚಿಯೇ ಇಟ್ಟಿತು. ಎಂಜಿನ್ ಮುಟ್ಟಲಾಗದ ಗಾಡಿಯನ್ನು ರಿಪೇರಿ ಮಾಡಲು ಯಾರೂ ನಿಲ್ಲಲಿಲ್ಲ. 2003ರಲ್ಲಿ ಸೋಡಿಪೋಡಿ ಎಂಬ ಹಳೆಯ ಡ್ರಾಯಿಂಗ್ ಪ್ರೋಗ್ರಾಮಿನಿಂದ ಕವಲೊಡೆದ ಇಂಕ್‌ಸ್ಕೇಪ್ ಇಂದಿಗೂ ಉಳಿದಿದೆ.

ಗೆರೆಬಿಂದು

ತುಂಬಾ ಉಪಯೋಗವಾಯಿತು. ಆಪ್‌ಇಮೇಜ್ ಹಾಕಿಕೊಂಡೆ, ಲಿಬ್‌ಫ್ಯೂಸ್2 ಮಾತು ನಿಜವಾಗಿತ್ತು. ಲೇಸರ್ ಕೆಲಸದಲ್ಲಿ ಎರಡು ಸಮಸ್ಯೆ: ಹಳೆಯ ಒಂದು ಎಸ್‌ವಿಜಿಯಲ್ಲಿ 100 ಮಿ.ಮೀ. ಇರಬೇಕಾದ ಚೌಕ 93.75 ಎಂದು ತೋರಿಸುತ್ತಿದೆ. ಇನ್ನೊಂದು, "ಕನ್ನಡ" ಎಂದು ಬರೆದು ಪಾತ್ (ಗೆರೆಗಳ ಆಕಾರ) ಮಾಡಿದರೆ ನ ಮತ್ತು ಅದರ ಒತ್ತು ಕೂಡುವ ಕಡೆ ಗೆರೆಗಳು ಒಂದರೊಳಗೊಂದು ಹಾದುಹೋಗಿವೆ. ಯಂತ್ರ ಅದನ್ನೂ ಕೊಯ್ಯುತ್ತದೆಯಲ್ಲ?

ವಕ್ರರೇಖೆ

93.75 ಎಂಬ ಅಂಕೆಯೇ ಉತ್ತರ ಹೇಳುತ್ತಿದೆ. ಇಂಕ್‌ಸ್ಕೇಪ್ 0.92ಕ್ಕೆ ಮುಂಚೆ ಒಂದು ಇಂಚಿಗೆ 90 ಪಿಕ್ಸೆಲ್ ಲೆಕ್ಕ ಇತ್ತು, ಆಮೇಲೆ 96 ಆಯಿತು. 90ನ್ನು 96ರಿಂದ ಭಾಗಿಸಿದರೆ 0.9375. ಅಂಥ ಫೈಲು ತೆರೆದಾಗ ಹಳೆಯ ಅಳತೆ ಉಳಿಸಬೇಕೇ ಎಂದು ಒಂದು ಡೈಲಾಗ್ ಕೇಳುತ್ತದೆ, ಅವಸರದಲ್ಲಿ ತಪ್ಪು ಬಟನ್ ಒತ್ತಿರುತ್ತೇವೆ. ಸೇವ್ ಮಾಡದೆ ಮುಚ್ಚಿ, ಮತ್ತೆ ತೆರೆದು, ಭೌತಿಕ ಅಳತೆ ಮುಖ್ಯ ಎಂಬ ಅರ್ಥದ ಆಯ್ಕೆ ಒತ್ತಿ. ಅಥವಾ ಎಲ್ಲವನ್ನೂ ಆರಿಸಿ, ಟ್ರಾನ್ಸ್‌ಫಾರ್ಮ್ ಡೈಲಾಗ್‌ನಲ್ಲಿ 106.667 ಶೇಕಡಾ ಸ್ಕೇಲ್ ಮಾಡಿ.

ಒತ್ತಕ್ಷರ: ಹೌದು, ಯಂತ್ರ ಕಂಡ ಗೆರೆಯನ್ನೆಲ್ಲ ಕೊಯ್ಯುತ್ತದೆ. ಹೆಚ್ಚಿನ ಫಾಂಟುಗಳಲ್ಲಿ ನ ಒಂದು ತುಂಡು, ಒತ್ತು ಇನ್ನೊಂದು ತುಂಡು. ತುಂಬಿದ ಬಣ್ಣದಲ್ಲಿ ನೋಡುವಾಗ ಒಂದೇ ಅನಿಸುತ್ತದೆ, ಕಂಟ್ರೋಲ್+5 ಒತ್ತಿ ಔಟ್‌ಲೈನ್ ನೋಟಕ್ಕೆ ಬಂದರೆ ಅಸಲಿ ರೂಪ ಕಾಣುತ್ತದೆ. ಬರಹ ಆರಿಸಿ ಕಂಟ್ರೋಲ್+ಶಿಫ್ಟ್+ಸಿ ಒತ್ತಿ, ಅದು ಪಾತ್‌ಗಳ ಗುಂಪಾಗುತ್ತದೆ. ಕಂಟ್ರೋಲ್+ಶಿಫ್ಟ್+ಜಿ ಒತ್ತಿ ಗುಂಪು ಬಿಡಿಸಿ. ಎಲ್ಲವೂ ಆರಿಸಿರುವಾಗಲೇ ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ಯೂನಿಯನ್, ಒಳಗಿನ ಗೆರೆಗಳು ಮಾಯ. ತಪ್ಪಿ ಕಂಟ್ರೋಲ್+ಕೆ ಒತ್ತಬೇಡಿ. ಕಂಬೈನ್‌ನಿಂದ ಎಲ್ಲ ಒಂದೇ ಪಾತ್ ಆದಂತೆ ಕಾಣುತ್ತದೆ, ಒಳಗೆರೆ ಹಾಗೆಯೇ ಉಳಿಯುತ್ತದೆ.

ಅಕ್ಷರವನ್ನೇ ಕತ್ತರಿಸಿ ತೆಗೆಯುವ ಸ್ಟೆನ್ಸಿಲ್ ಆದರೆ ಇನ್ನೊಂದು ಕೆಲಸವಿದೆ. ರ, ಠ ಇಂಥವುಗಳ ನಡುವಿನ ಬಿಲ್ಲೆಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಕೆಳಗೆ ಬಿದ್ದುಹೋಗುತ್ತದೆ. ಅಕ್ಷರದ ದಪ್ಪವನ್ನು ಅಡ್ಡ ಹಾಯುವಂತೆ 2 ಮಿ.ಮೀ. ಅಗಲದ ಆಯತ ಎಳೆದು, ಅದನ್ನೂ ಅಕ್ಷರವನ್ನೂ ಆರಿಸಿ ಕಂಟ್ರೋಲ್ ಮತ್ತು ಮೈನಸ್ ಒತ್ತಿ. ಆಯತ ಮೇಲಿರಬೇಕು, ಮೇಲಿರುವುದೇ ಕೆಳಗಿನದನ್ನು ಕತ್ತರಿಸುವುದು.

ಲೇಸರ್ ಕಿರಣಕ್ಕೂ ಅಗಲವಿದೆ. ಕೊಯ್ತದ ಅಗಲ 0.2 ಮಿ.ಮೀ. ಆದರೆ ಬಿಡಿ ತುಂಡು ಒಟ್ಟು 0.2 ಚಿಕ್ಕದಾಗಿ ಬರುತ್ತದೆ. ಒಂದರೊಳಗೊಂದು ಕೂರಬೇಕಾದ ಭಾಗವಿದ್ದರೆ ಆಫ್‌ಸೆಟ್ ಪಾತ್ ಎಫೆಕ್ಟ್‌ನಲ್ಲಿ 0.1 ಮಿ.ಮೀ. ಹೊರಕ್ಕೆ ಕೊಡಿ. ಯಂತ್ರದವರು ಡಿಎಕ್ಸ್‌ಎಫ್ ರೂಪದ ಫೈಲು ಬೇಕೆಂದರೆ ಬೇಸ್ ಯೂನಿಟ್ ಮಿ.ಮೀ. ಎಂದು ಆರಿಸಿ, ಕ್ಲೋನ್‌ಗಳಿದ್ದರೆ (ಮೂಲಕ್ಕೆ ಅಂಟಿಕೊಂಡ ನಕಲುಗಳು) ಮೊದಲೇ ಅನ್‌ಲಿಂಕ್ ಮಾಡಿ. ತೆರೆದಾಗ ವಕ್ರಗೆರೆಗಳು ಮಾತ್ರ ಕಾಣೆಯಾಗಿದ್ದರೆ ಆ ಕಡೆಯ ಸಾಫ್ಟ್‌ವೇರ್‌ಗೆ ಸ್ಪ್ಲೈನ್ (ಡಿಎಕ್ಸ್‌ಎಫ್‌ನಲ್ಲಿ ವಕ್ರಗೆರೆಯ ರೂಪ) ಓದಲು ಬರುವುದಿಲ್ಲ. ಎಕ್ಸ್‌ಟೆನ್ಷನ್ಸ್, ಮಾಡಿಫೈ ಪಾತ್ ಕೆಳಗಿನ ಫ್ಲಾಟನ್ ಬೆಜಿಯರ್ಸ್ ಬಳಸಿ ವಕ್ರಗಳನ್ನು ಸಣ್ಣ ಸಣ್ಣ ನೇರಗೆರೆಗಳಾಗಿ ಒಡೆದು ಕಳಿಸಿ.

ಕಡತಸಂಚಿ

ವೆಬ್ ಐಕಾನ್ ಬಗ್ಗೆ ಯಾರೂ ಬರೆದಿಲ್ಲ. ಇಂಕ್‌ಸ್ಕೇಪ್ ಎಸ್‌ವಿಜಿ ನಿಮ್ಮ ಮೂಲ ಪ್ರತಿ, ಅದನ್ನು ಹಾಗೇ ಇಟ್ಟುಕೊಳ್ಳಿ. ವೆಬ್‌ಗೆ ಇಂಕ್‌ಸ್ಕೇಪ್‌ನ ಸ್ವಂತ ಮಾಹಿತಿ ತೆಗೆದ ಪ್ಲೇನ್ ಅಥವಾ ಆಪ್ಟಿಮೈಸ್ಡ್ ಎಸ್‌ವಿಜಿ. ಒಂದೇ ಪುಟದ ಕೋಡಿನಲ್ಲಿ ಹತ್ತು ಐಕಾನ್ ನೇರವಾಗಿ ಸೇರಿಸಿದಾಗ ಒಂದರ ಗ್ರೇಡಿಯೆಂಟ್ ಇನ್ನೊಂದಕ್ಕೆ ಬಂದು ಕೂತರೆ, ಎರಡೂ ಫೈಲಿನಲ್ಲಿ ಗ್ರೇಡಿಯೆಂಟಿನ ಐಡಿ ಒಂದೇ ಆಗಿದೆ ಎಂದರ್ಥ. ಆಪ್ಟಿಮೈಸ್ಡ್ ಸೇವ್‌ನ ಡೈಲಾಗ್‌ನಲ್ಲಿ ಐಡಿ ಚಿಕ್ಕದು ಮಾಡಿ ಅದಕ್ಕೆ ಪೂರ್ವಪದ ಸೇರಿಸುವ ಆಯ್ಕೆ ಇದೆ, ಒಂದೊಂದು ಐಕಾನಿಗೆ ಒಂದೊಂದು ಕೊಡಿ.

8 ಜಿಬಿ ಸಾಕು. ನಿಧಾನವಾದರೆ ಮೊದಲು ಅನುಮಾನಿಸಬೇಕಾದ್ದು ಬ್ಲರ್. ಆಮೇಲೆ ಎಂಬೆಡ್ ಮಾಡಿದ ಫೋಟೋಗಳು, ಅವು ಬೇಸ್64 ಎಂಬ ಪಠ್ಯದ ರೂಪದಲ್ಲಿ ಕೂರುವುದರಿಂದ ಫೈಲು ಫೋಟೋಗಿಂತ ಮೂರನೇ ಒಂದು ಪಾಲು ದಪ್ಪ ಆಗುತ್ತದೆ. ಕೆಲಸ ಮುಗಿಯುವ ತನಕ ಲಿಂಕ್ ಆಗಿಯೇ ಇರಲಿ.

ಮಸಿಬಾಟಲು

ಮೇಲಿನದಕ್ಕೆ ಒಂದು ಸೇರ್ಪಡೆ. ಪ್ಲೇನ್ ಎಸ್‌ವಿಜಿಗೆ "ಸೇವ್ ಆ್ಯಸ್" ಬಳಸಬೇಡಿ, "ಸೇವ್ ಎ ಕಾಪಿ" ಬಳಸಿ, ಅಂದರೆ ಕಂಟ್ರೋಲ್+ಶಿಫ್ಟ್+ಆಲ್ಟ್+ಎಸ್. ಸೇವ್ ಆ್ಯಸ್ ಮಾಡಿದರೆ ಮುಂದಿನ ಪ್ರತಿ ಕಂಟ್ರೋಲ್+ಎಸ್ ಕೂಡ ಆ ಪ್ಲೇನ್ ಫೈಲಿಗೇ ಹೋಗುತ್ತದೆ. ಮಾರನೆಯ ದಿನ ತೆರೆದಾಗ ಲೇಯರ್‌ಗಳು ಬರೀ ಗುಂಪುಗಳಾಗಿರುತ್ತವೆ, ಪಾತ್ ಎಫೆಕ್ಟ್‌ಗಳು ತಿದ್ದಲಾಗದ ಗೆರೆಗಳಾಗಿರುತ್ತವೆ.